ಏಳನೇ ಸಾಲು

ಆಫೀಸಿನಲ್ಲಿ ಅವಳಿಗೆ ಪಟ್ಟಿಯಮ್ಮ ಎಂದು ಹೆಸರು. ಎದುರಿಗೆ ಮೇಡಂ ಮೇಡಂ ಎಂದು ಜಪ ಮಾಡುವವರೆಲ್ಲ ಬೆನ್ನು ತಿರುಗಿದ ಕೂಡಲೇ ಪಟ್ಟಿಯಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ತಂತ್ರಾಂಶದ ಯೋಜನೆ ನಡೆಸುವವರ ಪಾಡು ಅಂಥದ್ದು. ಬರೆಯುವವರು ಬೇರೆ, ಪರೀಕ್ಷಿಸುವವರು ಬೇರೆ, ಉಗಿಸಿಕೊಳ್ಳುವುದಕ್ಕೆ ಮಾತ್ರ ಇವರು. ಹಾಗಾಗಿ ಅವಳು ಎಲ್ಲದಕ್ಕೂ ಪಟ್ಟಿ ಮಾಡುತ್ತಿದ್ದಳು. ಆಗಬೇಕಾದದ್ದಕ್ಕೊಂದು, ಆಗದೇ ಉಳಿದದ್ದಕ್ಕೊಂದು, ಮಾಡ್ತೀನಿ ಮಾಡ್ತೀನಿ ಅಂದು ಕೈಕೊಟ್ಟವರದ್ದೇ ಬೇರೆ ಒಂದು.

ಅವಳಿಗೆ ಒಂದು ರೂಢಿಯಿತ್ತು. ಯಾರಾದರೂ 'ಐದಾರು ದಿನ ಬೇಕು' ಎಂದರೆ ಐದು ಎಂದು ಬರೆದುಕೊಳ್ಳುವಳು. ಆರು ಬರೆದರೆ ಏಳಾಗುತ್ತದೆ, ಐದು ಬರೆದರೆ ಹೇಗೋ ಆರಕ್ಕೆ ಮುಗಿಯುತ್ತದೆ ಎಂಬುದು ಹದಿನಾರು ವರ್ಷದ ಅನುಭವದಿಂದ ಅವಳು ಕಲಿತ ಗಣಿತ. ಅವಳ ಮುಂದೆ ಐದಾರು ಎಂದಿರೋ, ಆರು ಅಲ್ಲೇ ಸತ್ತ ಹಾಗೆ ಎಂದು ಪ್ರೋಗ್ರಾಮರುಗಳು ಕ್ಯಾಂಟೀನಿನಲ್ಲಿ ಆಡಿಕೊಂಡು ನಗುತ್ತಿದ್ದರು.

ಅವಳ ಪಟ್ಟಿಗಳಲ್ಲೆಲ್ಲ ದೊಡ್ಡದು ಅಪಾಯಗಳ ಪಟ್ಟಿ. ಯೋಜನೆಯಲ್ಲಿ ಏನೇನು ಕೆಡಬಹುದು ಎಂದು ಮೊದಲೇ ಬರೆದಿಡುವುದು. ಒಂದೊಂದು ಅಪಾಯಕ್ಕೆ ಒಂದೊಂದು ಸಾಲು. ಅದು ಆಗುವ ಸಾಧ್ಯತೆ ಎಷ್ಟು, ಯಾವಾಗ ಆಗಬಹುದು, ತಪ್ಪಿಸುವ ಜವಾಬ್ದಾರಿ ಯಾರದು ಎಂದು ಅದರೊಳಗೆ ಮನೆಗಳು. ಕಂಪ್ಯೂಟರಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರೂ ಯಾರೂ ಅದರ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಅದಕ್ಕೇ ಎರಡು ವರ್ಷದ ಹಿಂದೆ ಪಟ್ಟಿಯಮ್ಮ ಹಟ ಹಿಡಿದು ಒಂದು ಏರ್ಪಾಡು ಮಾಡಿಸಿದ್ದಳು. ಯಾವ ಸಾಲಿನಲ್ಲಿ ಏನು ಬದಲಾದರೂ ಆ ಸಾಲಿನ ಜವಾಬ್ದಾರರಿಗೆ ತಾನಾಗಿಯೇ ಒಂದು ಇಮೇಲ್ ಪತ್ರ ಹೋಗಬೇಕು. 'ನಂಗೆ ಗೊತ್ತೇ ಇರ್ಲಿಲ್ಲ ಮೇಡಂ' ಎಂದು ಇನ್ನು ಯಾರೂ ಜಾರಿಕೊಳ್ಳುವಂತಿಲ್ಲ ಎಂದು ಆವತ್ತು ಬೀಗಿದ್ದಳು.

ಏಳನೇ ಸಾಲಿನ ವಿಷಯ ಹೇಳಬೇಕು. ಅವರ ಕಂಪನಿ ಮಾಡುತ್ತಿದ್ದದ್ದು ನಗರದ ಬಸ್ಸುಗಳ ವೇಳಾಪಟ್ಟಿ ಹೊಂದಿಸುವ ತಂತ್ರಾಂಶ. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಚಾಲಕ ಎಲ್ಲಿ ಇಳಿದು ಎಲ್ಲಿ ಹತ್ತಬೇಕು, ನಡುವೆ ಎಷ್ಟು ವಿಶ್ರಾಂತಿ ಎಂದು ಅದು ಲೆಕ್ಕ ಹಾಕಿ ಕೊಡುತ್ತಿತ್ತು. ಅದರ ಹೊಟ್ಟೆಯೊಳಗಿನ ಲೆಕ್ಕಾಚಾರವನ್ನೆಲ್ಲ ಹದಿನೆಂಟು ವರ್ಷದ ಹಿಂದೆ ಒಬ್ಬರೇ ಕೂತು ಬರೆದಿದ್ದರು. ಆ ಒಬ್ಬರು ಪಟ್ಟಿಯಮ್ಮನ ಸ್ವಂತ ಅಕ್ಕನ ಗಂಡ. ಅವಳಿಗೆ ಈ ಕೆಲಸ ಕೊಡಿಸಿದವರು, ಕಲಿಸಿದವರು, ತಪ್ಪು ಮಾಡಿದಾಗ ಕಿವಿ ಹಿಂಡಿದವರೂ ಭಾವನೇ. ಅಷ್ಟೆಲ್ಲ ಬರೆದವರು ಅದನ್ನು ವಿವರಿಸಿ ಒಂದು ಪುಟವನ್ನೂ ಬರೆದಿಟ್ಟಿರಲಿಲ್ಲ. ಏಳನೇ ನಂಬರಿನ ಬಸ್ಸು ಮಂಗಳವಾರ ಮಾತ್ರ ನಾಲ್ಕು ನಿಮಿಷ ತಡವಾಗಿ ಹೊರಡುವಂತೆ ಅದರಲ್ಲಿ ಒಂದು ನಿಯಮವಿತ್ತು. ಇದ್ಯಾಕೆ ಎಂದು ಯಾರು ಕೇಳಿದರೂ 'ಕಾರಣ ಇದೆ, ಪುರಸೊತ್ತಾಗಿ ಹೇಳ್ತೀನಿ' ಎನ್ನುತ್ತಿದ್ದರು. ಆ ಪುರಸೊತ್ತು ಹದಿನೆಂಟು ವರ್ಷದಲ್ಲಿ ಬಂದಿರಲಿಲ್ಲ.

ಹಾಗಾಗಿ ಏಳನೇ ಸಾಲು: 'ಹಳೆಯ ಲೆಕ್ಕಾಚಾರ ಗೊತ್ತಿರುವುದು ಒಬ್ಬರಿಗೇ. ಅವರು ಲಭ್ಯವಿಲ್ಲದೇ ಹೋಗಬಹುದು.' ಸಾಧ್ಯತೆ ಎಂಬ ಮನೆಯಲ್ಲಿ 'ಕಡಿಮೆ'. ಯಾವಾಗ ಎಂಬುದು ಖಾಲಿ. ಜವಾಬ್ದಾರರು ಎಂಬಲ್ಲಿ ಭಾವನದ್ದೇ ಹೆಸರು, ಏಕೆಂದರೆ ಬರೆದಿಡಬೇಕಾದವರು ಅವರೇ ತಾನೆ.

"ಏನಮ್ಮಾ ಇದು ನ್ಯಾಯ? ನಾನು ಸತ್ರೆ ಅದಕ್ಕೂ ನಾನೇ ಜವಾಬ್ದಾರನಾ?" ಎಂದು ಭಾವ ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ನಗು ನಿಲ್ಲಿಸಿ, "ಆದ್ರೂ ಸರಿಯಾಗೇ ಬರ್ದಿದೀಯ. ನೋಡು, ಮೀಟಿಂಗಲ್ಲಿ ಬೇಕಾದ್ರೆ ಸುಳ್ಳು ಹೇಳು, ಎಲ್ರೂ ಹೇಳ್ತಾರೆ. ಪಟ್ಟೀಲಿ ಮಾತ್ರ ಬರೀಬೇಡ," ಎಂದಿದ್ದರು. ಅವಳು ಅದನ್ನು ವ್ರತದ ಹಾಗೆ ಪಾಲಿಸಿಕೊಂಡು ಬಂದಿದ್ದಳು.

ಈ ವರ್ಷ ಹೊಸ ಆವೃತ್ತಿಯ ಬಿಡುಗಡೆಗೆ ಇನ್ನು ಹನ್ನೆರಡು ವಾರ ಇರುವಾಗ ಭಾವನಿಗೆ ಹೊಟ್ಟೆನೋವು ಶುರುವಾಯಿತು. ಹುಣ್ಣಿರಬೇಕು ಎಂದು ಅವರೇ ತೀರ್ಮಾನಿಸಿಕೊಂಡು ಎರಡು ವಾರ ರಜೆ ಹಾಕಿ ಪರೀಕ್ಷೆಗಳನ್ನು ಮಾಡಿಸಿಕೊಂಡರು. ಭಾನುವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿ ಆಸ್ಪತ್ರೆಗೆ ಬಾ ಎಂದಳು. ದನಿ ಕೇಳಿಯೇ ಪಟ್ಟಿಯಮ್ಮ ಏನು ಎತ್ತ ಎಂದು ಕೇಳದೆ ಹೊರಟಳು.

ಭಾವ ಒಳಗೆ ಮಲಗಿದ್ದರು. ಡಾಕ್ಟರು ಅಕ್ಕತಂಗಿಯರಿಬ್ಬರನ್ನೂ ಪಡಸಾಲೆಯ ಕೊನೆಗೆ, ತೊಳೆಯುವ ಬಟ್ಟೆಯ ಗಾಡಿ ನಿಲ್ಲಿಸಿದ್ದ ಜಾಗಕ್ಕೆ ಕರೆದುಕೊಂಡು ಹೋದರು. ಕ್ಯಾನ್ಸರು ಮೇದೋಜೀರಕ ಗ್ರಂಥಿಯಲ್ಲಿ ಶುರುವಾಗಿ ಯಕೃತ್ತಿಗೆ, ಅಲ್ಲಿಂದ ಮುಂದಕ್ಕೆ ಹರಡಿದೆ ಎಂದರು. ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು.

"ಎಷ್ಟು ದಿನ?" ಎಂದು ಕೇಳಿದವಳು ಪಟ್ಟಿಯಮ್ಮ.

"ಅಂದಾಜು ಹೇಳ್ಬಹುದು ಅಷ್ಟೆ. ಮೂರು ತಿಂಗಳು. ನಾಲ್ಕೂ ಆಗ್ಬಹುದು."

ಆ ಕ್ಷಣದಲ್ಲಿ ಪಟ್ಟಿಯಮ್ಮನ ತಲೆಯೊಳಗೆ ಹೊಳೆದದ್ದನ್ನು ಅವಳು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಮೂರು ತಿಂಗಳೆಂದರೆ ಹನ್ನೆರಡು ಹದಿಮೂರು ವಾರ. ಬಿಡುಗಡೆಗೆ ಹತ್ತು ವಾರ. ಹಾಗಾದರೆ ಆಗುತ್ತದೆ. ಪಕ್ಕದಲ್ಲಿ ಅಕ್ಕ ಗೋಡೆ ಹಿಡಿದು ಕುಸಿಯುತ್ತಿದ್ದಾಗ ಅವಳ ಮನಸ್ಸು ಈ ಕೂಡಿಸು ಕಳೆ ಮುಗಿಸಿ, ಒಂದು ನಿಟ್ಟುಸಿರನ್ನೂ ಬಿಟ್ಟಿತ್ತು. ಮರುಗಳಿಗೆಯೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೆ ಒಮ್ಮೆ ಹಾಕಿದ ಲೆಕ್ಕವನ್ನು ಹಾಕಿಲ್ಲ ಎನ್ನುವುದು ಹೇಗೆ?

ಅಕ್ಕ ಅವಳ ಎರಡೂ ಕೈ ಹಿಡಿದುಕೊಂಡಳು. "ಅವ್ರಿಗೆ ಈಗ್ಲೇ ಗೊತ್ತಾಗ್ಬಾರ್ದು ಕಣೇ. ಶನಿವಾರ ಮಗಳು ಬರ್ತಾಳೆ. ಅವಳು ಪಕ್ಕದಲ್ಲಿ ಕೂತಿರುವಾಗ ಡಾಕ್ಟ್ರೇ ನಿಧಾನವಾಗಿ ಹೇಳ್ಲಿ. ಅವರಪ್ಪ ಹೇಗೆ ಹೋದ್ರು ಗೊತ್ತಲ್ಲ ನಿಂಗೆ?"

ಗೊತ್ತಿತ್ತು. ಭಾವನ ತಂದೆಗೆ ಯಾರೋ ಒಬ್ಬರು ಕಾಯಿಲೆಯ ಹೆಸರನ್ನು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದರು. ಮುದುಕರು ಗೋಡೆ ಕಡೆ ಮುಖ ಮಾಡಿ ಮಲಗಿದವರು ಮತ್ತೆ ಈ ಕಡೆ ತಿರುಗಲಿಲ್ಲ. ತುತ್ತು ಮುಟ್ಟಲಿಲ್ಲ, ಮಾತಾಡಲಿಲ್ಲ. ವರ್ಷ ಬದುಕಬಹುದಿದ್ದ ಮನುಷ್ಯ ಒಂಬತ್ತು ದಿನಕ್ಕೆ ಮುಗಿದಿದ್ದರು. ಭಾವನೂ ಅವರದೇ ಎರಕ ಎಂದು ಅಕ್ಕನ ಭಯ.

"ಆರು ದಿನ ಬಾಯಿ ಬಿಗಿ ಹಿಡ್ಕೋ. ನನ್ನಾಣೆ," ಎಂದಳು ಅಕ್ಕ.

"ಆಯ್ತಕ್ಕಾ. ನನ್ನ ಬಾಯಿಂದ ಒಂದಕ್ಷರ ಹೊರಗೆ ಬಂದ್ರೆ ಕೇಳು."

ಬಾಯಿಂದ ಬರಲೂ ಇಲ್ಲ, ಅದು ನಿಜ.

ಮಂಗಳವಾರ ಭಾವ ಆಫೀಸಿಗೆ ಬಂದುಬಿಟ್ಟರು. ಮನೆಯಲ್ಲಿ ಕೂತರೆ ಅಕ್ಕ ಸುಮ್ಮಸುಮ್ಮನೆ ಅಳುತ್ತಾಳೆ, ಈ ಹೆಂಗಸಿಗೆ ಒಂದು ಹುಣ್ಣಿಗೆಲ್ಲ ಎಷ್ಟು ರಂಪ ಎಂದು ನಗಾಡಿದರು. ಬೆಲ್ಟಿಗೆ ಹೊಸದೊಂದು ತೂತು ಬಿದ್ದಿತ್ತು. ಅರ್ಧ ದಿನ ಕೂತು, ಫ್ಲಾಸ್ಕಿನಿಂದ ಬಿಸಿನೀರು ಕುಡಿಯುತ್ತ, ಎರಡು ವಾರದಿಂದ ಸಿಕ್ಕಿಕೊಂಡಿದ್ದ ಒಂದು ತೊಡಕನ್ನು ಇಪ್ಪತ್ತು ನಿಮಿಷದಲ್ಲಿ ಬಿಡಿಸಿ ಕೊಟ್ಟರು.

ಪಟ್ಟಿಯಮ್ಮ ಮುಖದಲ್ಲಿ ನಗು ಅಂಟಿಸಿಕೊಂಡು ಅವರ ಮೇಜಿನ ಬಳಿ ಹೋದಳು. "ಭಾವ, ಇಬ್ರು ಪ್ರೋಗ್ರಾಮರ್‌ಗಳನ್ನ ನಿಮ್ ಪಕ್ಕ ಕೂರಿಸ್ತೀನಿ. ದಿನಾ ಎರಡು ಗಂಟೆ. ಹಳೇ ಲೆಕ್ಕಾಚಾರ ಎಲ್ಲ ಒಂದ್ಸಲ ಹೇಳ್ಕೊಟ್ಬಿಡಿ."

"ಈಗ್ಯಾಕೆ? ಬಿಡುಗಡೆ ತಲೆ ಮೇಲಿದೆ. ಅದು ಮುಗೀಲಿ, ಆಮೇಲೆ ನಿಧಾನಕ್ಕೆ ಕೂತ್ಕೊಳ್ಳೋಣ. ನಾನೆಲ್ಲಿ ಓಡಿ ಹೋಗ್ತೀನಿ?"

ಅವಳು ಏನೋ ಫೋನ್ ಬಂತು ಎಂದು ನೆಪ ಹೇಳಿ ಮೆಟ್ಟಿಲ ಬಳಿ ಹೋಗಿ, ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಪಕ್ಕ ನಿಂತು ಅತ್ತಳು. ಬುಧವಾರವೂ ಕೇಳಿದಳು. ಬುಧವಾರವೂ ಅದೇ ಉತ್ತರ, ಜೊತೆಗೆ ಸ್ವಲ್ಪ ಕಿರಿಕಿರಿ. "ಬೆನ್ನು ಬಿದ್ದ ಬೇತಾಳ ಆಗ್ಬೇಡ ಮಾರಾಯ್ತಿ."

ಗುರುವಾರ ಮೂರು ಗಂಟೆಗೆ ನಿರ್ದೇಶಕರ ಮುಂದೆ ತಿಂಗಳ ಪರಿಶೀಲನೆ. ಎರಡಕ್ಕೆ ಪಟ್ಟಿಯಮ್ಮ ಅಪಾಯಗಳ ಪಟ್ಟಿ ತೆರೆದು ಕೂತಳು. ಒಂದರಿಂದ ಆರು ಸರಸರ ಮುಗಿಯಿತು. ಏಳನೇ ಸಾಲಿಗೆ ಬಂದು ಕೈ ನಿಂತಿತು. ಸಾಧ್ಯತೆ: ಕಡಿಮೆ. ಆ ಪದ ಅವಳನ್ನೇ ನೋಡುತ್ತಿತ್ತು. ಇದನ್ನು ಹಾಗೇ ಬಿಟ್ಟರೆ ಪಟ್ಟಿಯಲ್ಲಿ ಸುಳ್ಳು ಬರೆದ ಹಾಗೆ. ಹದಿನಾರು ವರ್ಷದಲ್ಲಿ ಒಮ್ಮೆಯೂ ಬರೆಯದ ಸುಳ್ಳು. ಇನ್ನೊಂದು ಕಡೆ ನೋಡಿದರೆ, ಇದನ್ನು ಬದಲಾಯಿಸಿದರಷ್ಟೇ ನಿರ್ದೇಶಕರು ಭಾವನಿಗೆ ಅಪ್ಪಣೆ ಮಾಡಿ ಆ ಇಬ್ಬರನ್ನು ಪಕ್ಕ ಕೂರಿಸಿಯಾರು. ಹೆಸರಿಲ್ಲ, ಕಾಯಿಲೆಯ ಮಾತಿಲ್ಲ, 'ಲಭ್ಯವಿಲ್ಲದೇ ಹೋಗಬಹುದು' ಎಂದಷ್ಟೇ ಇದೆ. ರಾಜೀನಾಮೆ ಎಂದೂ ತಿಳಿಯಬಹುದಲ್ಲ. ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಳ್ಳುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

'ಕಡಿಮೆ'ಯನ್ನು ಅಳಿಸಿ 'ಖಚಿತ' ಎಂದು ಬರೆದಳು. ಯಾವಾಗ ಎಂಬ ಖಾಲಿ ಮನೆಯಲ್ಲಿ, ಬೆರಳಿಗೆ ರೂಢಿಯಾದ ಹಾಗೆ, 'ಮೂರು ತಿಂಗಳೊಳಗೆ' ಎಂದು ಹಾಕಿದಳು. ಉಳಿಸಿದಳು.

ಸಾಲು ಕೆಂಪಾಯಿತು. ಪರದೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಮಾತು ಮೂಡಿತು. 'ಜವಾಬ್ದಾರರಿಗೆ ತಿಳಿಸಲಾಗಿದೆ.'

ಒಂದು ಕ್ಷಣ ಅದರ ಅರ್ಥವೇ ಆಗಲಿಲ್ಲ. ಎರಡು ವರ್ಷದಿಂದ ಏಳನೇ ಸಾಲು ಬದಲಾಗಿರಲಿಲ್ಲ. ಆ ಸಾಲಿನಿಂದಲೂ ಪತ್ರ ಹೋಗುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು. ಅರ್ಥವಾದ ಮೇಲೆ ಕುರ್ಚಿ ಹಿಂದಕ್ಕೆ ಬಿದ್ದದ್ದೂ ತಿಳಿಯದೆ ಎದ್ದು ಓಡಿದಳು. ಮಧ್ಯಾಹ್ನದ ಹೊತ್ತು. ಎಲ್ಲರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೆಲಸದಲ್ಲಿದ್ದರು. ಭಾವನ ಮೇಜು ಕಿಟಕಿಯ ಕಡೆಯ ಕೊನೆಯ ಸಾಲಿನಲ್ಲಿ. ಅವರು ಫ್ಲಾಸ್ಕು ತುಂಬಿಸಲು ಹೋಗಿರಲಿ, ಬಾತ್‌ರೂಮಿಗೆ ಹೋಗಿರಲಿ, ನಾನೇ ಅವರ ಕಂಪ್ಯೂಟರಿನಲ್ಲಿ ಆ ಪತ್ರ ಅಳಿಸಿಬಿಡುತ್ತೇನೆ ಎಂದು ಕಂಡಕಂಡ ದೇವರಿಗೆಲ್ಲ ಬೇಡಿಕೊಳ್ಳುತ್ತ ಓಡಿದಳು.

ಭಾವ ಕುರ್ಚಿಯಲ್ಲೇ ಇದ್ದರು. ಕನ್ನಡಕವನ್ನು ಹಣೆಗೆ ಏರಿಸಿ, ಪರದೆಗೆ ಮುಖ ಹತ್ತಿರ ತಂದು ಓದುತ್ತಿದ್ದರು. ಎರಡು ಸಾಲಿನ ಪತ್ರ. ಓದುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ.

ಅವಳು ಬಂದದ್ದು ಗೊತ್ತಾಗಿ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಅವಳು ನಿಂತ ರೀತಿಯಲ್ಲೇ ಅವರಿಗೆ ಬೇಕಾದದ್ದೆಲ್ಲ ಸಿಕ್ಕಿಹೋಗಿತ್ತು. ಆದರೂ ಕೇಳಿದರು.

"ಪಟ್ಟೀಲಿ ಸುಳ್ಳು ಬರ್ದಿಲ್ಲ ತಾನೆ?"

ಒಂದು ಸುಳ್ಳು ಸಾಕಿತ್ತು. ತಪ್ಪಾಗಿ ಒತ್ತಿಬಿಟ್ಟೆ ಭಾವ, ಬೇರೆ ಸಾಲಿಗೆ ಬರೆಯಬೇಕಾದದ್ದು ಇಲ್ಲಿ ಬಿತ್ತು ಎಂದರೆ ಮುಗಿಯುತ್ತಿತ್ತು. ಮೀಟಿಂಗುಗಳಲ್ಲಿ ಇಂಥ ಸಾವಿರ ಮಾತು ನಾಲಿಗೆಯ ತುದಿಯಿಂದ ಉರುಳಿಸಿದವಳಿಗೆ ಈಗ ಒಂದೂ ಬರಲಿಲ್ಲ. ಇಲ್ಲ ಎಂದು ತಲೆ ಆಡಿಸಿದಳು.

"ಸರಿ," ಎಂದರು ಭಾವ.

ಕನ್ನಡಕ ತೆಗೆದು ಒರೆಸಿ ಜೇಬಿಗೆ ಹಾಕಿಕೊಂಡರು. ಮೂರು ವರ್ಷದಿಂದ ಒಮ್ಮೆಯೂ ಆರಿಸದಿದ್ದ ಕಂಪ್ಯೂಟರನ್ನು, ತೆರೆದಿದ್ದ ಒಂದೊಂದನ್ನೂ ಮುಚ್ಚುತ್ತ, ಕ್ರಮವಾಗಿ ಆರಿಸಿದರು. ಫ್ಲಾಸ್ಕನ್ನು ಚೀಲಕ್ಕೆ ಹಾಕಿಕೊಂಡು ಎದ್ದು ನಿಂತವರು ಅವಳ ತೋಳನ್ನು ಮೆಲ್ಲಗೆ ಹಿಡಿದರು.

"ನಿಮ್ಮಕ್ಕನಿಗೆ ಇದನ್ನ ಹೇಳ್ಬೇಡ. ನಾನೇ ಊಹಿಸ್ಕೊಂಡೆ ಅಂತೀನಿ. ಇನ್ಮೇಲೆ ಅವಳಿಗೆ ಹತ್ತಿರದಲ್ಲಿ ಅಂತ ಇರೋದು ನೀನೇ. ನಿಮ್ಮಿಬ್ಬರ ಮಧ್ಯ ಇದೊಂದು ಬರೋದು ಬೇಡ."

ಅಷ್ಟು ಹೇಳಿ ಲಿಫ್ಟಿನ ಕಡೆ ನಡೆದರು. ಅವಳು ಹಿಂದೆ ಹೋಗಲಿಲ್ಲ. ಮೂರು ಗಂಟೆಗೆ ಪರಿಶೀಲನೆ ಇತ್ತು.

ಹೌದು, ಹೋದಳು. ಹೋಗಿ ಕೂತು, ಒಂದರಿಂದ ಹನ್ನೆರಡರವರೆಗೆ ಎಲ್ಲ ಸಾಲುಗಳನ್ನೂ ಓದಿ ವಿವರಿಸಿದಳು. ಏಳನೆಯದಕ್ಕೆ ಬಂದಾಗ ನಿರ್ದೇಶಕರು ಹುಬ್ಬು ಗಂಟಿಕ್ಕಿ, "ಆರೋಗ್ಯದ ವಿಷಯಾನಾ?" ಎಂದರು. ಹೌದು ಎಂದಳು. "ಪಾಪ," ಎಂದರು ಅವರು. ಅರ್ಧ ನಿಮಿಷ ಬಿಟ್ಟು, "ಮೊದ್ಲೇ ಹೇಳಿದ್ದು ಒಳ್ಳೇದಾಯ್ತು. ನಾಳೆಯಿಂದ್ಲೇ ಇಬ್ರನ್ನ ಅವರ ಜೊತೆ ಕೂರ್ಸಿ," ಎಂದು ಎಂಟನೇ ಸಾಲಿಗೆ ಹೋದರು. ಮೀಟಿಂಗ್ ಮುಗಿದ ಮೇಲೆ ಅವಳು ಮಾಡಿದ ಮೊದಲ ಕೆಲಸವೆಂದರೆ, ಸಾಧ್ಯತೆಯ ಮನೆ ಬದಲಾದರೆ ಹೋಗುವ ಆ ಪತ್ರವನ್ನು ನಿಲ್ಲಿಸಿದ್ದು.

ಭಾವ ಮತ್ತೆ ಆಫೀಸಿಗೆ ಬರಲಿಲ್ಲ. ಶನಿವಾರ ಮಗಳು ಬಂದಾಗ ಅವರು ಗೋಡೆ ಕಡೆ ಮುಖ ಮಾಡಿ ಮಲಗಿ ಎರಡು ದಿನವಾಗಿತ್ತು. ಅಪ್ಪಾ ಎಂದಾಗ ಕೈ ಹಿಂದಕ್ಕೆ ಚಾಚಿ ಅವಳ ಬೆರಳು ಹಿಡಿದುಕೊಂಡರಂತೆ. ಈ ಕಡೆ ತಿರುಗಲಿಲ್ಲವಂತೆ. ಡಾಕ್ಟರು ಮನೆಗೇ ಬಂದು ಹೇಳಬೇಕಾದದ್ದನ್ನು ಹೇಳಿದರು. ಆ ಬೆನ್ನು ಎಲ್ಲವನ್ನೂ ಕೇಳಿಸಿಕೊಂಡಿತು. ಪಟ್ಟಿಯಮ್ಮ ದಿನಾ ಸಂಜೆ ಹೋಗುತ್ತಿದ್ದಳು. ಮಂಚದ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅವರ ಅಂಗಿಯ ಕಾಲರಿನ ಹಿಂಭಾಗವನ್ನು ನೋಡುತ್ತಿದ್ದಳು. ಕ್ಷಮಿಸಿ ಎನ್ನಬೇಕೆಂದು ದಿನಾ ಹೊರಡುವಳು, ಅಕ್ಕ ಅವಳೊಬ್ಬಳನ್ನೇ ಅಲ್ಲಿ ಬಿಟ್ಟರೆ ತಾನೆ?

"ಯಾರು ಹೇಳಿದ್ರೋ ಗೊತ್ತಿಲ್ಲ ಕಣೇ. ಕೇಳಿದ್ರೆ ನಾನೇ ಊಹಿಸ್ದೆ ಅಂತಾರೆ. ಸುಳ್ಳು. ಆ ಆಸ್ಪತ್ರೆಯವರೇ ಯಾರೋ ಬಾಯಿಬಡುಕರು ಇರ್ಬೇಕು. ಅವರ ನಾಲಿಗೆ ಸೇದಿಹೋಗ!" ಎಂದು ಅಕ್ಕ ಅಡುಗೆಮನೆಯಲ್ಲಿ ಶಾಪ ಹಾಕುವಳು. ಪಟ್ಟಿಯಮ್ಮ ಲೋಟ ತೊಳೆಯುತ್ತ ನಿಂತಿರುವಳು.

ಆ ಗುರುವಾರದಿಂದ ಹತ್ತೊಂಬತ್ತನೆಯ ದಿನ ಬೆಳಗಿನ ಜಾವ ಭಾವ ಹೋದರು. ಕಾಯಿಲೆಯ ಓಟವನ್ನು ಯಾರೂ ಹೇಳಲಾಗದು, ಗೊತ್ತಾದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ಅಕ್ಕ ನಂಬಲಿಲ್ಲ. ಪಟ್ಟಿಯಮ್ಮ ನಂಬಲು ತುಂಬಾ ಪ್ರಯತ್ನಪಟ್ಟಳು.

ಬಿಡುಗಡೆ ಮುಂದಕ್ಕೆ ಹೋಯಿತು. ಇಬ್ಬರು ಪ್ರೋಗ್ರಾಮರುಗಳು ಹಳೆಯ ಲೆಕ್ಕಾಚಾರದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತರು. ಏಳನೇ ನಂಬರಿನ ಬಸ್ಸಿನ ಆ ನಾಲ್ಕು ನಿಮಿಷವನ್ನು ತೆಗೆಯಲು ಯಾರಿಗೂ ಧೈರ್ಯ ಬರಲಿಲ್ಲ. ಒಂದು ಮಂಗಳವಾರ ಪಟ್ಟಿಯಮ್ಮ ತಾನೇ ಹೋಗಿ ಆ ಬಸ್ಸು ಹೊರಡುವ ಜಾಗದಲ್ಲಿ ನಿಂತು ನೋಡಿದಳು. ಬಸ್ಸು ನಾಲ್ಕು ನಿಮಿಷ ತಡವಾಗಿ ಹೊರಟಿತು. ಬೇರೇನೂ ಕಾಣಲಿಲ್ಲ.

ಮುಂದಿನ ತಿಂಗಳ ಪರಿಶೀಲನೆಗೆ ಮತ್ತೆ ಪಟ್ಟಿ ತೆರೆಯಬೇಕಾಯಿತು. ಏಳನೇ ಸಾಲು ಇನ್ನೂ ಕೆಂಪಗೆ ಉರಿಯುತ್ತಿತ್ತು. ಆಗಿಹೋದ ಅಪಾಯವನ್ನು ಅಪಾಯ ಎಂದು ಇಟ್ಟುಕೊಳ್ಳುವಂತಿಲ್ಲ, ಮುಚ್ಚಬೇಕು, ಅದು ನಿಯಮ. 'ಸ್ಥಿತಿ' ಎಂಬ ಕೊನೆಯ ಮನೆಗೆ ಹೋಗಿ, ಅಲ್ಲಿದ್ದ ಆಯ್ಕೆಗಳಲ್ಲಿ 'ಸಂಭವಿಸಿದೆ' ಎಂಬುದನ್ನು ಆರಿಸಿದಳು. ಕಣ್ಣು ಮಂಜಾಗಿತ್ತು. ಉಳಿಸಿದಳು.

ಪರದೆಯ ಕೆಳಗೆ ಸಣ್ಣ ಅಕ್ಷರ ಮೂಡಿತು. 'ಜವಾಬ್ದಾರರಿಗೆ ತಿಳಿಸಲಾಗಿದೆ.'

ಅವಳು ನಿಲ್ಲಿಸಿದ್ದು ಸಾಧ್ಯತೆಯ ಮನೆಯ ಪತ್ರವನ್ನು. ಸ್ಥಿತಿಯ ಮನೆಗೆ ಬೇರೆಯೇ ಏರ್ಪಾಡಿತ್ತು, ಅದನ್ನೂ ಮಾಡಿಸಿದವಳು ಇವಳೇ. ಭಾವನ ಹೆಸರನ್ನು ಆ ಸಾಲಿನಿಂದ ತೆಗೆದಿರಲಿಲ್ಲ, ಅವರ ಜಾಗಕ್ಕೆ ಹಾಕಲು ಇನ್ನೊಂದು ಹೆಸರಿರಲಿಲ್ಲವಲ್ಲ. ಅವರ ಆಫೀಸಿನ ಇಮೇಲ್ ಖಾತೆ ಮುಚ್ಚಿಸುವುದು ಅವಳದೇ ಇನ್ನೊಂದು ಪಟ್ಟಿಯಲ್ಲಿ 'ಮುಂದಿನ ವಾರ' ಎಂದು ಕೂತಿತ್ತು. ಆ ಪತ್ರಗಳು ಬಂದು ಬೀಳುವ ಅವರ ಫೋನ್ ಅಕ್ಕನ ಹತ್ತಿರವಿತ್ತು. ಸುದ್ದಿ ತಿಳಿಯದವರು ಈಗಲೂ ಕರೆ ಮಾಡುತ್ತಾರೆ ಎಂದು ಅಕ್ಕ ಅದನ್ನು ದಿನಾ ಚಾರ್ಜ್ ಮಾಡಿ ಮಡಿಲಲ್ಲೇ ಇಟ್ಟುಕೊಂಡಿರುತ್ತಿದ್ದಳು.

ಹನ್ನೊಂದು ನಿಮಿಷದ ಮೇಲೆ ಪಟ್ಟಿಯಮ್ಮನ ಫೋನ್ ಅಲುಗಿತು. ಪರದೆಯ ಮೇಲೆ 'ಭಾವ' ಎಂದು ಬಂತು. ಎತ್ತಿಕೊಂಡಳು.

"ಇವರ ಫೋನಿಗೆ ನಿಮ್ಮಾಫೀಸಿಂದ ಏನೋ ಬಂದಿದೆ," ಎಂದಳು ಅಕ್ಕ. ದನಿ ಸಾಧಾರಣವಾಗಿತ್ತು. "ಸಂಭವಿಸಿದೆ ಅಂತಿದೆ. ಏನು ಅಂತ ಕೆಳಗೆ ನೋಡಿದ್ರೆ ಇದೇ ಥರದ್ದು ಇನ್ನೊಂದು ಇದೆ, ಹಿಂದಿಂದು. ಅವರು ಲಭ್ಯವಿಲ್ಲದೇ ಹೋಗಬಹುದು, ಖಚಿತ, ಮೂರು ತಿಂಗಳೊಳಗೆ. ಆ ಗುರುವಾರದ ತಾರೀಖಿದೆ. ಬದಲಾಯಿಸಿದವರು ಅಂತ ನಿನ್ನ ಹೆಸರಿದೆ."

ಪಟ್ಟಿಯಮ್ಮ ಅಕ್ಕಾ ಎಂದಳು.

ಅಕ್ಕ ಬೈಯಲಿಲ್ಲ, ಶಾಪ ಹಾಕಲಿಲ್ಲ. ಫೋನನ್ನು ಇಡಲೂ ಇಲ್ಲ. ಇಷ್ಟು ಮಾತ್ರ ಕೇಳಿದಳು.

"ಡಾಕ್ಟ್ರು ನಾಲ್ಕೂ ಆಗ್ಬಹುದು ಅಂದಿದ್ರಲ್ಲೇ. ನೀನ್ಯಾಕೆ ಮೂರು ಅಂತ ಬರ್ದೆ?"